ಕಳಬೆರಕೆ ತಂದ ಬೆಳಕು

2009ರಲ್ಲಿ ಜಪಾನಿನ ಯೊಕೊಹಾಮಾದಲ್ಲಿ ತ್ಸುತೊಮು ಮಿಯಾಸಾಕಾ ಅವರ ತಂಡ ಪೆರೊವ್‌ಸ್ಕೈಟ್ ಎಂಬ ಹರಳಿನಿಂದ ಸೋಲಾರ್ ಕೋಶ ಮಾಡಿದಾಗ ಅದರ ದಕ್ಷತೆ ಬರೀ ಶೇ. 3.8. ಹೆಚ್ಚಿನವರು ಅತ್ತ ತಿರುಗಿಯೂ ನೋಡಲಿಲ್ಲ. ಮೂರೇ ವರ್ಷದಲ್ಲಿ ಅದು ಶೇ. 10ರ ಆಸುಪಾಸಿಗೆ ಜಿಗಿದಾಗ ಪ್ರಯೋಗಾಲಯಗಳು ಒಂದೊಂದಾಗಿ ಅದರ ಬೆನ್ನು ಹತ್ತಿದವು. ದೊಡ್ಡ ತೊಡಕೊಂದಿತ್ತು. ಹರಳಿನ ನಟ್ಟನಡುವೆ ಕೂತಿದ್ದದ್ದು ಸೀಸ. ಫಲಕ ಒಡೆದು ಮಳೆ ಬಿದ್ದರೆ ಆ ವಿಷ ಕರಗಿ ಮಣ್ಣಿಗಿಳಿಯಬಹುದಿತ್ತು.

ಮೊದಲು ಹೊಳೆದದ್ದು ತವರ. ಆವರ್ತಕ ಕೋಷ್ಟಕದಲ್ಲಿ ಅದು ಸೀಸದ ನೆತ್ತಿಯ ಮೇಲೇ ಇದೆ, ಗುಣವೂ ಹೆಚ್ಚುಕಡಿಮೆ ಅದರದೇ. 2014ರಲ್ಲಿ ಆಕ್ಸ್‌ಫರ್ಡ್ ಮತ್ತು ಅಮೆರಿಕದ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ತಂಡಗಳು ಒಂದೇ ಹೊತ್ತಿಗೆ ತವರದಿಂದ ಶೇ. 6ರ ಹತ್ತಿರ ಮುಟ್ಟಿದವು. ಸಂಭ್ರಮವೇನೋ ಬಂತು, ಗಾಳಿ ಸೋಕುವವರೆಗೆ. ಆಮ್ಲಜನಕ ತಾಗಿದ್ದೇ ತಡ, ತವರ ಇನ್ನೆರಡು ಎಲೆಕ್ಟ್ರಾನ್ ಕಳೆದುಕೊಂಡು ಹರಳನ್ನೇ ಕೆಡಿಸಿಬಿಡುತ್ತಿತ್ತು.

2016ರಲ್ಲಿ ಸ್ಟ್ಯಾನ್‌ಫರ್ಡಿನ ಹೇಮಮಾಲಾ ಕರುಣಾದಾಸ ಅವರ ತಂಡ ಬೇರೆ ದಾರಿ ಹಿಡಿಯಿತು. ಎರಡು ಸೀಸದ ಜಾಗಕ್ಕೆ ಒಂದು ಬೆಳ್ಳಿ, ಒಂದು ಬಿಸ್ಮತ್. ವಿದ್ಯುದಾವೇಶದ ಲೆಕ್ಕ ಸರಿಹೋಯಿತು, ಹರಳು ಗಟ್ಟಿಯಾಗಿ ನಿಂತಿತು. ಆದರೆ ಅದರ ಬ್ಯಾಂಡ್ ಅಂತರ, ಅಂದರೆ ಬೆಳಕು ಹೀರಲು ಎಲೆಕ್ಟ್ರಾನು ದಾಟಬೇಕಾದ ಶಕ್ತಿಯ ಕಂದರ, 1.95 ಎಲೆಕ್ಟ್ರಾನ್ ವೋಲ್ಟ್. ಬಿಸಿಲಿನ ದೊಡ್ಡ ಪಾಲು ಅದಕ್ಕೆ ದಕ್ಕುತ್ತಲೇ ಇರಲಿಲ್ಲ. ಮರುವರ್ಷ ಅದೇ ತಂಡ ಹರಳಿಗೆ ಚೂರೇ ಚೂರು ಇನ್ನೊಂದು ಲೋಹ ಬೆರೆಸಿತು. ಅಂತರ ಸುಮಾರು ಅರ್ಧ ಎಲೆಕ್ಟ್ರಾನ್ ವೋಲ್ಟ್ ಕುಸಿಯಿತು! ಸೀಸದ ಹರಳಿಗೆ ಸರಿದೊರೆ ಸಿಕ್ಕಂತಾಯಿತು. ಬೆರೆಸಿದ ಲೋಹ ಯಾವುದು? ಥ್ಯಾಲಿಯಂ, ಹಿಂದೆ ಇಲಿಪಾಷಾಣಕ್ಕೆ ಬಳಸುತ್ತಿದ್ದ ಥ್ಯಾಲಿಯಂ, ಸೀಸಕ್ಕಿಂತ ಘೋರ ವಿಷ. ವಿಧಿ ಇಷ್ಟು ಅಣಕವಾಡಬಾರದಿತ್ತು. ಆದರೂ ಒಂದು ಮಾತು ಖಚಿತವಾಯಿತು: ಎಳ್ಳಷ್ಟು ಬೆರಕೆ ಹರಳಿನ ಸ್ವಭಾವವನ್ನೇ ತಿರುಗಿಸಬಲ್ಲದು.

ಇತ್ತ ಚೀನಾದ ವುಹಾನಿನಲ್ಲಿ ಜಿಯಾಂಗ್ ಟ್ಯಾಂಗ್ ಅವರ ತಂಡದ ಕೈಯಲ್ಲಿದ್ದದ್ದು ಸ್ಟ್ಯಾನ್‌ಫರ್ಡಿನ ಹರಳಿನಲ್ಲಿದ್ದ ಬಿಸ್ಮತ್ ಬದಲು ಇಂಡಿಯಂ, ಅದರಲ್ಲೇ ಇದ್ದ ಬ್ರೋಮಿನ್ ಬದಲು ಕ್ಲೋರಿನ್ ಇದ್ದ ಹರಳು. ಬಿಸಿಲು ಹೀರುವ ಕೆಲಸಕ್ಕೆ ಅದು ಆಗದು. ದೀಪವಾದರೂ ಆದೀತೇ ಎಂದರೆ, ಹೀರಿದ ಬೆಳಕಿನಲ್ಲಿ ಸಾವಿರಕ್ಕೆ ಒಂದು ಪಾಲನ್ನೂ ಹೊರಬಿಡದ ಜುಗ್ಗ. ತಂಡ ಬೆಳ್ಳಿಯ ಜಾಗದಲ್ಲಿ ಸ್ವಲ್ಪ ಸ್ವಲ್ಪವೇ ಸೋಡಿಯಂ ತುಂಬುತ್ತ ಹೋಯಿತು. ಹೊಳಪು ಏರಿತು, ಏರಿತು. ಸೋಡಿಯಂ ಅತಿಯಾದಾಗ ಮತ್ತೆ ಇಳಿಯಿತು. ನಡುವಿನ ಹದ ಸಿಕ್ಕಿದ್ದು ಅರವತ್ತು ಬೆಳ್ಳಿ, ನಲವತ್ತು ಸೋಡಿಯಂನಲ್ಲಿ. ಅದರ ಮೇಲೆ ಶೇ. 0.04ರಷ್ಟು ಬಿಸ್ಮತ್, ಸಾರಿಗೆ ಹಾಕುವ ಇಂಗಿನಷ್ಟೂ ಇಲ್ಲ. ಹರಳು ಬೆಚ್ಚನೆಯ ಬಿಳಿ ಬೆಳಕು ಚೆಲ್ಲಿತು. ದಕ್ಷತೆ ಶೇ. 86ರ ಸುತ್ತ, ಬಾಳಿಕೆ 1,000 ಗಂಟೆಗೂ ಮಿಕ್ಕಿ. 2018ರ ನವೆಂಬರಿನಲ್ಲಿ ‘ನೇಚರ್’ ಪತ್ರಿಕೆ ಅದನ್ನು ಪ್ರಕಟಿಸಿತು.

ಆದದ್ದಿಷ್ಟು. ಶುದ್ಧ ಹರಳಿನ ಅಚ್ಚುಕಟ್ಟಾದ ಸಮಮಿತಿಯೇ ಉದ್ರಿಕ್ತ ಎಲೆಕ್ಟ್ರಾನು ಬೆಳಕು ಬಿಟ್ಟು ಕೆಳಗಿಳಿಯುವ ದಾರಿಯನ್ನು ಮುಚ್ಚಿತ್ತು. ಸೋಡಿಯಂ ಆ ಸಮಮಿತಿಯನ್ನು ಕದಡಿ ದಾರಿ ತೆರೆಯಿತು, ಜೊತೆಗೆ ಎಲೆಕ್ಟ್ರಾನು ದೂರ ಅಲೆಯದಂತೆ ತಡೆಯಿತು. ಸಿಕ್ಕಿಬಿದ್ದ ಎಲೆಕ್ಟ್ರಾನು ಸುತ್ತಲಿನ ಜಾಲರಿಯನ್ನು ಬಾಗಿಸಿಕೊಂಡು ಬಿಟ್ಟ ಬೆಳಕು ಹಲವು ಬಣ್ಣಗಳಲ್ಲಿ ಹರಡಿ ಬಿಳಿಯಾಗಿ ಕಂಡಿತು.

ದೀಪಕ್ಕೆ ಸೀಸವಿಲ್ಲದ ಹರಳು ಹೀಗೆ ದಕ್ಕಿತು. ಸೋಲಾರ್ ಕೋಶದ ದಕ್ಷತೆಯಲ್ಲಿ ಮಾತ್ರ ಸೀಸದ ಹರಳೇ ಇಂದಿಗೂ ಮುಂದಿದೆ.