ಕುಲುಮೆ ಇಲ್ಲದೆ ಕಮ್ಮಾರಿಕೆ: ಅಲ್ಯೂಮಿನಿಯಂ ಸರಳಿನಲ್ಲಿ ಕೈ ಪಳಗಿಸಿ

ಗುದ್ದಲಿ ಬಾಯಿ ಮಡಚಿದರೆ, ಕುಡುಗೋಲು ಮೊಂಡಾದರೆ ಮೊದಲೆಲ್ಲ ಊರ ಕುಲುಮೆಗೆ ಹೋಗಿ ತಟ್ಟಿಸಿಕೊಂಡು ಬರ್ತಿದ್ವಿ. ಯಲಹಂಕದ ಸುತ್ತ ಹೊಲಗಳೇ ಲೇಔಟ್ ಆದ ಮೇಲೆ ನಮ್ಮ ಕಡೆ ಕುಲುಮೆ ಹುಡುಕೋದೇ ಒಂದು ಕೆಲಸ. ಹಾಗಾಗಿ ಸಣ್ಣಪುಟ್ಟದ್ದನ್ನ ನಾನೇ ಕಲಿಯೋಣ ಅಂತ ಹೊರಟೆ. ಶುರು ಮಾಡಿದ್ದು ಕಬ್ಬಿಣದಲ್ಲಲ್ಲ, ಅಲ್ಯೂಮಿನಿಯಂನಲ್ಲಿ.

ಯಾಕಂದ್ರೆ ಮೆತ್ತನೆ ಅಲ್ಯೂಮಿನಿಯಂ ತಣ್ಣಗಿರುವಾಗಲೇ, ಕಾದ ಕಬ್ಬಿಣದ ಥರ ಸುತ್ತಿಗೆಗೆ ಬಗ್ಗುತ್ತೆ. ಇದ್ದಿಲು ಬೇಡ, ತಿದಿ ಬೇಡ. ಕಬ್ಬಿಣ ಆರಿಹೋಗುತ್ತಲ್ಲ ಅನ್ನೋ ಅವಸರವೂ ಇಲ್ಲ. ಪ್ರತಿ ಏಟೂ ಎಲ್ಲಿ ಬಿತ್ತು ಅಂತ ನಿಂತು ನೋಡಬಹುದು.

ಗುಜರಿಯಲ್ಲಿ ಬೆರಳು ದಪ್ಪದ ಮೆತ್ತನೆ ಸರಳು ಕೇಳಿ. ಕಿಟಕಿ ಚೌಕಟ್ಟಿನ ತುಂಡು ಬೇಡ, ಅದು ಗಟ್ಟಿ ಮಿಶ್ರಲೋಹ, ಬಡಿದರೆ ಸೀಳುತ್ತೆ. ಅಡಿಗಲ್ಲಿಗೆ ದಪ್ಪ ಕಬ್ಬಿಣದ ತುಂಡು ಸಾಕು. ಸುತ್ತಿಗೆ ಮುಖದ ಅಂಚು ಅರದಿಂದ ಉಜ್ಜಿ ನುಣುಪಾಗಿಸಿ, ಇಲ್ಲಾಂದ್ರೆ ಪ್ರತಿ ಏಟಿಗೂ ಗಾಯ ಬೀಳುತ್ತೆ. ಕಣ್ಣಿಗೆ ಕನ್ನಡಕ ಇರಲಿ.

ಮೊದಲ ಪಾಠ ಮೊನೆ ಎಳೆಯೋದು. ಸರಳನ್ನ ಉರುಳಿಸ್ತಾ ಗುಂಡಗೇ ಬಡಿದರೆ ಒಳಗೆ ಬಿರುಕು ಬಿಟ್ಟು ತುದಿ ಮೀನಿನ ಬಾಯಿ ಥರ ಸೀಳುತ್ತೆ. ಅದಕ್ಕೇ ಮೊದಲು ಚೌಕ: ಒಂದು ಏಟು, ಕಾಲು ಸುತ್ತು ತಿರುಗಿಸಿ ಇನ್ನೊಂದು. ಚೌಕವಾಗೇ ಮೊನೆ ಬಂದ ಮೇಲೆ ನಾಲ್ಕು ಮೂಲೆ ತಟ್ಟಿ ಎಂಟು ಮುಖ ಮಾಡಿ. ಆಮೇಲಷ್ಟೇ ಗುಂಡು. ಕಬ್ಬಿಣಕ್ಕೂ ಇದೇ ಕ್ರಮ. 1984ರಲ್ಲಿ ಶುರುವಾದ ನಮ್ಮ ಯಲಹಂಕದ ರೈಲು ಗಾಲಿ ಕಾರ್ಖಾನೆಯಲ್ಲೂ ಗಾಲಿಯನ್ನ ಎರಕ ಹೊಯ್ಯೋದು, ಆದ್ರೆ ಭಾರ ಹೊರೋ ಆಕ್ಸಲ್‌ಗೆ ಬಡಿದೇ ಆಕಾರ ಕೊಡೋದು!

ಬಡೀತಾ ಬಡೀತಾ ಲೋಹ ಗಟ್ಟಿಯಾಗುತ್ತೆ. ಸುತ್ತಿಗೆ ಪುಟಿಯೋಕೆ ಶುರುವಾದ್ರೆ ನಿಲ್ಲಿಸಿ. ಬಟ್ಟೆ ಸೋಪಿನಿಂದ ಸರಳಿನ ಮೇಲೆ ಗೀಟು ಎಳೆದು, ಗ್ಯಾಸ್ ಟಾರ್ಚಲ್ಲಿ ನಿಧಾನ ಬಿಸಿ ಮಾಡಿ. ಗೀಟು ಕಂದು ಕಪ್ಪಾದ ಕೂಡಲೇ ಬೆಂಕಿ ತೆಗೀರಿ, ಆರಿದ ಮೇಲೆ ಮತ್ತೆ ಮೆತ್ತಗಿರುತ್ತೆ. ಕೆಂಪಾಗಲಿ ಅಂತ ಕಾಯಬೇಡಿ. ಅಲ್ಯೂಮಿನಿಯಂ ಕೆಂಪಾಗೋ ಸೂಚನೆಯನ್ನೇ ಕೊಡದೆ 660 ಡಿಗ್ರಿಯಲ್ಲಿ ಕರಗಿಬಿಡುತ್ತೆ.

ನಾನು ಮಾಡಿದ್ದು ದ್ರಾಕ್ಷಿ ಚಪ್ಪರದ ತಂತಿಗೆ ಹಾಕೋ ಕೊಕ್ಕೆಗಳು. ಮೊದಲನೆಯದೂ ಹತ್ತನೆಯದೂ ಅಕ್ಕಪಕ್ಕ ಇಟ್ಟರೆ ಕೈ ಎಷ್ಟು ಪಳಗಿದೆ ಅಂತ ಗೊತ್ತಾಗುತ್ತೆ. ಈಗ ಮಡಚಿದ ಗುದ್ದಲಿ ಬಾಯಿ ನೆಟ್ಟಗೆ ಮಾಡೋಕೆ ಯಾರ ದಾರಿಯೂ ಕಾಯಲ್ಲ. ಆದ್ರೆ ಕುಡುಗೋಲಿಗೆ ಹದ ಕೊಡೋದು ಬೇರೆ ವಿದ್ಯೆ, ಅದಕ್ಕೆ ಬೆಂಕಿ ಮುಂದೆ ಕಮ್ಮಾರಣ್ಣನ ಪಕ್ಕ ಕೂರಲೇಬೇಕು.

ಅಂದ ಹಾಗೆ, ಈ ಕೊಕ್ಕೆಗಳನ್ನ ಗ್ರೈಂಡರ್ ಕಲ್ಲಿಗೆ ಹಿಡಿಯಬೇಡಿ. ಅಲ್ಯೂಮಿನಿಯಂ ಕಲ್ಲಿನ ರಂಧ್ರಗಳಲ್ಲಿ ತುಂಬಿಕೊಂಡು ಕಲ್ಲು ಕಾದು ಸಿಡಿಯಬಹುದು. ಅರ ಸಾಕು.