ಬೈಕ್ ಮೀಟರ್ ತಪ್ಪು ತೋರಿಸುತ್ತಿದೆಯೇ? ಪತ್ತೆ ಹೀಗೆ

ಕಾರವಾರ: ಕರಾವಳಿ ಪ್ರವಾಸಕ್ಕೆ ಹೊರಟ ಬೈಕ್ ಸವಾರರಿಗೆ ಕೆಟ್ಟ ಮೀಟರ್ ಸಣ್ಣ ದೋಷವಲ್ಲ. ಅಂಕೋಲಾದಿಂದ ಹುಬ್ಬಳ್ಳಿಯತ್ತ ತಿರುಗಿ ಅರಬೈಲ್ ಘಟ್ಟವೇರುವಾಗ ಪೆಟ್ರೋಲ್ ಮುಳ್ಳನ್ನು ನಂಬಿ ಮೋಸಹೋದರೆ, ಕಾಡಿನ ನಡುವೆ ಬೈಕ್ ತಳ್ಳಬೇಕಾದೀತು.

ಕೆಟ್ಟಿರುವುದು ಒಂದೇ ಮೀಟರೋ, ಎಲ್ಲವೋ ಎಂಬುದನ್ನು ಮೊದಲು ಗಮನಿಸಬೇಕು. ಎಲ್ಲವೂ ಒಮ್ಮೆಲೇ ನಿಂತಿದ್ದರೆ ಫ್ಯೂಸ್, ಬ್ಯಾಟರಿ ಟರ್ಮಿನಲ್ ಮತ್ತು ಅರ್ಥಿಂಗ್ ತಂತಿಯನ್ನು ಪರೀಕ್ಷಿಸಬೇಕು. ಕಡಲಿನ ಉಪ್ಪುಗಾಳಿ ಹಾಗೂ ಮಳೆಗಾಲದ ತೇವದಿಂದ ತಂತಿಯ ಜೋಡಣೆಗಳು ಕಿಲುಬು ಹಿಡಿಯುತ್ತವೆ. ಇಗ್ನಿಷನ್ ಬಂದ್ ಮಾಡಿ, ಜೋಡಣೆ ಬಿಚ್ಚಿ, ಸ್ವಚ್ಛಗೊಳಿಸಿ ಒಣಗಿಸಿದರೆ ಹಲವು ಬಾರಿ ದೋಷ ನಿವಾರಣೆಯಾಗುತ್ತದೆ.

ಸ್ಪೀಡೋಮೀಟರ್ ಮಾತ್ರ ನಿಂತಿದ್ದರೆ, ಹಳೆಯ ಬೈಕ್‌ಗಳಲ್ಲಿ ಕೇಬಲ್ ತುಂಡಾಗಿರಬಹುದು. ಮುಳ್ಳು ನಡುಗುತ್ತಿದ್ದರೆ ಕೇಬಲ್ ಸವೆದಿರುವ ಅಥವಾ ಗ್ರೀಸ್ ಒಣಗಿರುವ ಸಾಧ್ಯತೆಯುಂಟು. ಹೊಸ ಬೈಕ್‌ಗಳಲ್ಲಿ ಚಕ್ರದ ಸೆನ್ಸರ್‌ಗೆ ಅಂಟಿದ ಕೆಸರನ್ನು ಒರೆಸಬೇಕು.

ನಿಖರತೆಯ ಪರೀಕ್ಷೆ ಸುಲಭ. ಕಾರವಾರ–ಅಂಕೋಲಾ ನಡುವಿನ ರಾಷ್ಟ್ರೀಯ ಹೆದ್ದಾರಿ 66ರಲ್ಲಿ, ವಾಹನ ದಟ್ಟಣೆಯಿಲ್ಲದ ಕಡೆ ಮೀಟರ್‌ನಲ್ಲಿ 60 ಕಿ.ಮೀ. ವೇಗ ಕಾಯ್ದುಕೊಂಡು, ಕಿಲೋಮೀಟರ್ ಕಲ್ಲುಗಳನ್ನು ನೋಡಿ 5 ಕಿ.ಮೀ. ಸಾಗಬೇಕು. ಸಮಯವನ್ನು ಹಿಂಬದಿ ಸವಾರರೇ ನೋಡಲಿ. ಸರಿಯಾಗಿ 5 ನಿಮಿಷ ಹಿಡಿದರೆ ಮೀಟರ್ ನಿಖರ. ಐದೂವರೆ ನಿಮಿಷವಾದರೆ ನಿಜವಾದ ವೇಗ ಸುಮಾರು 55 ಕಿ.ಮೀ. ಮೀಟರ್ ತುಸು ಹೆಚ್ಚು ತೋರಿಸುವುದು ಸಾಮಾನ್ಯ. ಕಡಿಮೆ ತೋರಿಸಿದರೆ ಅಪಾಯ. ಮೂಲ ಅಳತೆಗಿಂತ ದೊಡ್ಡ ಟೈರ್ ಹಾಕಿಸಿದಾಗ ಹೀಗಾಗುತ್ತದೆ.

ಪೆಟ್ರೋಲ್ ಮಟ್ಟವನ್ನು ಬೈಕ್ ನೇರವಾಗಿ ನಿಲ್ಲಿಸಿಯೇ ನೋಡಬೇಕು. ಟ್ಯಾಂಕ್ ತುಂಬಿದ ಬಳಿಕವೂ ಮುಳ್ಳು ಮೇಲೇಳದಿದ್ದರೆ ಟ್ಯಾಂಕಿನೊಳಗಿನ ಫ್ಲೋಟ್ ಸಿಕ್ಕಿಕೊಂಡಿರಬಹುದು. ಅದನ್ನು ಮೆಕ್ಯಾನಿಕ್‌ಗೆ ಬಿಡುವುದು ಕ್ಷೇಮ. ಅಲ್ಲಿಯವರೆಗೆ ಟ್ಯಾಂಕ್ ತುಂಬಿಸಿದಾಗಲೆಲ್ಲ ಟ್ರಿಪ್ ಮೀಟರ್ ಸೊನ್ನೆಗೆ ತಂದು, ಓಡಿದ ದೂರದಿಂದ ಉಳಿದ ಪೆಟ್ರೋಲ್ ಲೆಕ್ಕ ಹಾಕಬೇಕು. ಘಟ್ಟವೇರುವ ಮುನ್ನ ಅಂಕೋಲಾದಲ್ಲೇ ಟ್ಯಾಂಕ್ ತುಂಬಿಸಿಕೊಳ್ಳುವುದು ಒಳಿತು.