ತರಗತಿಯೊಳಗಿನ ಬೃಹನ್ನಳೆ

ಅಜ್ಞಾತವಾಸದ ವರ್ಷವನ್ನು ಅರ್ಜುನ ಕಳೆದದ್ದು ಪಾಠ ಹೇಳುತ್ತಾ. ಊರ್ವಶಿಯ ಶಾಪವನ್ನೇ ವರವಾಗಿ ಬಳಸಿಕೊಂಡು ಬೃಹನ್ನಳೆಯಾದ ಆತ ವಿರಾಟನ ಮಗಳು ಉತ್ತರೆಗೂ ಅವಳ ಸಖಿಯರಿಗೂ ನಾಟ್ಯ, ಸಂಗೀತ ಕಲಿಸಿದ. ವಿರಾಟರಾಯ ವಿಚಾರಿಸಿ ನೋಡಿ, ಗಂಡೂ ಅಲ್ಲದ ಹೆಣ್ಣೂ ಅಲ್ಲದ ಈ ಗುರುವಿನ ಕೈಗೆ ಮಗಳನ್ನು ಒಪ್ಪಿಸಿದ. ಕನ್ನಡದ ಮಕ್ಕಳಿಗೆ ಇದು ಹೊಸ ಕಥೆಯಲ್ಲ. ಕುಮಾರವ್ಯಾಸನ ವಿರಾಟಪರ್ವದಿಂದ, ಯಕ್ಷಗಾನದ ರಂಗಸ್ಥಳದಿಂದ, ‘ಉತ್ತರನ ಪೌರುಷ ಒಲೆಯ ಮುಂದೆ’ ಎಂಬ ಗಾದೆಯಿಂದ ಅದು ಮನೆಮನೆಗೆ ಬಂದಿದೆ. ಬಡಾಯಿ ಕೊಚ್ಚಿದ ಉತ್ತರಕುಮಾರ ರಥದಿಂದ ಧುಮುಕಿ ಓಡುವಾಗ ಜನ ನಗುತ್ತಾರೆ. ಅವನನ್ನು ಹಿಡಿದೆಳೆದು ತಂದು ಯುದ್ಧ ಗೆಲ್ಲಿಸುವ ಬೃಹನ್ನಳೆಗೆ ಚಪ್ಪಾಳೆ ಬೀಳುತ್ತದೆ.

ರಾತ್ರಿ ಚಪ್ಪಾಳೆ ತಟ್ಟಿದ ಹುಡುಗ ಬೆಳಿಗ್ಗೆ ಶಾಲೆಗೆ ಬರುತ್ತಾನೆ. ನಡಿಗೆಯಲ್ಲಿ ಸ್ವಲ್ಪ ಬಳುಕು, ದನಿಯಲ್ಲಿ ಸ್ವಲ್ಪ ತೆಳುವು ಇರುವ ಸಹಪಾಠಿಯನ್ನು ಕಂಡರೆ ಅವನ ಬಾಯಿಗೆ ಬರುವ ಮಾತು ‘ಹೆಣ್ಣಿಗ’, ‘ಚಕ್ಕ’, ‘ಒಂಬತ್ತು’. ಪಾಪ, ಅಂಕಿಯೊಂದು ಬೈಗುಳವಾದ ಉದಾಹರಣೆ ನಮ್ಮಲ್ಲಿ ಹೆಚ್ಚಿಲ್ಲ! ಮರ ಹತ್ತುವ, ಕೂದಲು ಮೋಟಾಗಿ ಕತ್ತರಿಸಿಕೊಳ್ಳುವ ಹುಡುಗಿಗೆ ‘ಗಂಡುಬೀರಿ’ ಎಂಬ ಬಿರುದು ಕಾದಿರುತ್ತದೆ. ಮಹಾಭಾರತದ್ದೇ ಪಾತ್ರವಾದ ಶಿಖಂಡಿಯ ಹೆಸರು ರಾಜಕೀಯ ಭಾಷಣಗಳಲ್ಲೂ ಬೈಗುಳವಾಗಿಯೇ ಉಳಿದಿದೆ. ವ್ಯಾಕರಣದ ಪಾಠದಲ್ಲಿ ಪುಲ್ಲಿಂಗ, ಸ್ತ್ರೀಲಿಂಗ ಮುಗಿದು ನಪುಂಸಕಲಿಂಗ ಬಂತೆಂದರೆ ಹಿಂದಿನ ಬೆಂಚಿನಲ್ಲಿ ಕಿಸಿಕ್ಕೆನ್ನುವ ಸದ್ದು ಏಳುತ್ತದೆ. ಕೆಲವು ಕಣ್ಣುಗಳು ಒಬ್ಬನ ಕಡೆಗೇ ತಿರುಗುತ್ತವೆ. ಆ ಒಬ್ಬನಿಗೆ ಆ ದಿನದ ಪಾಠ ಅಲ್ಲಿಗೇ ಮುಗಿದಂತೆ.

ಇಲ್ಲಿ ಎರಡು ವಿಷಯಗಳು ಕಲಸಿಹೋಗಿವೆ. ಅವನ್ನು ಬಿಡಿಸಿಕೊಳ್ಳುವುದು ಅಗತ್ಯ. ‘ನಾನು ಯಾರು’ ಎಂಬುದು ಒಂದು ಪ್ರಶ್ನೆ. ಗಂಡಿನ ದೇಹದಲ್ಲಿ ಹುಟ್ಟಿಯೂ ತಾನು ಹೆಣ್ಣೆಂದು ಒಳಗಿನಿಂದ ಬಲ್ಲವರು, ಹಾಗೆಯೇ ಹೆಣ್ಣಿನ ದೇಹದಲ್ಲಿ ಹುಟ್ಟಿದ ಗಂಡು, ಇವೆರಡಕ್ಕೂ ಸೇರದವರು ಲಿಂಗತ್ವ ಅಲ್ಪಸಂಖ್ಯಾತರು. ‘ನನ್ನ ಮನಸ್ಸು ಯಾರತ್ತ ವಾಲುತ್ತದೆ’ ಎಂಬುದು ಇನ್ನೊಂದು ಪ್ರಶ್ನೆ. ತಮ್ಮದೇ ಲಿಂಗದವರತ್ತ ಒಲವು ಇರುವವರು ಸಲಿಂಗಾನುರಾಗಿಗಳು. ಅವರ ನಡೆ ನುಡಿ ಎಲ್ಲರಂತೆಯೇ ಇರಬಹುದು. ಈ ಎರಡೂ ಅಲ್ಲದೆ, ಸುಮ್ಮನೆ ಮೃದು ಸ್ವಭಾವದ ಹುಡುಗರೂ ಇದ್ದಾರೆ. ಸ್ತ್ರೀವೇಷಕ್ಕೆ ಹೆಸರಾದ ಕೋಳ್ಯೂರು ರಾಮಚಂದ್ರ ರಾವ್, ಮಂಟಪ ಪ್ರಭಾಕರ ಉಪಾಧ್ಯರಂಥವರ ಬಳುಕು ಕಲೆಯದ್ದು, ಅದರಿಂದ ಬೇರಾವ ತೀರ್ಮಾನಕ್ಕೂ ಬರಲಾಗದು. ಆದರೆ ಶಾಲೆಯ ಅಂಗಳದ ಗೇಲಿಗೆ ಇಷ್ಟು ವಿವೇಕವಿಲ್ಲ. ಅದು ಎಲ್ಲರನ್ನೂ ಒಂದೇ ಮಾತಿನಲ್ಲಿ ಹೊಡೆಯುತ್ತದೆ. ಹದಿಮೂರು ಹದಿನಾಲ್ಕರ ಮಗುವಿಗೆ ತಾನು ಯಾರೆಂದು ತನಗೇ ಪೂರ್ತಿ ತಿಳಿಯುವ ಮೊದಲೇ ಊರು ಹೆಸರಿಟ್ಟುಬಿಟ್ಟಿರುತ್ತದೆ.

2011ರ ಜನಗಣತಿಯಲ್ಲಿ ಗಂಡು, ಹೆಣ್ಣು ಎರಡನ್ನೂ ಬಿಟ್ಟು ‘ಇತರೆ’ ಎಂದು ದಾಖಲಾದವರು ಸುಮಾರು 4.88 ಲಕ್ಷ. ಇವರಲ್ಲಿ ಅಕ್ಷರ ಬಲ್ಲವರು ಶೇ 56. ದೇಶದ ಸರಾಸರಿ ಆಗ ಶೇ 73ರಷ್ಟಿತ್ತು. ನಡುವಿನ ಈ ಕಂದಕಕ್ಕೆ ಬಡತನ ಒಂದೇ ಕಾರಣವಲ್ಲ. ತಮಿಳುನಾಡಿನಲ್ಲಿ ಮುನ್ನೂರಕ್ಕೂ ಹೆಚ್ಚು ಯುವಜನರನ್ನು ಮಾತನಾಡಿಸಿ ಯುನೆಸ್ಕೊ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೂರನೆಯ ಒಂದು ಪಾಲಿನಷ್ಟು ಜನ, ಶಾಲೆ ಬಿಡಲು ಅಲ್ಲಿನ ಕಾಟವೇ ಮುಖ್ಯ ಕಾರಣವೆಂದರು. ಶಾಲೆಯವರಿಗೆ ದೂರು ಕೊಟ್ಟಿದ್ದವರು ಐದರಲ್ಲಿ ಒಬ್ಬರೂ ಇಲ್ಲ. ದೂರು ಕೊಟ್ಟ ಕೆಲವರಿಗೆ ಸಿಕ್ಕ ಪರಿಹಾರವೆಂದರೆ, ‘ನೀನೇ ನಿನ್ನ ನಡವಳಿಕೆ ತಿದ್ದಿಕೋ’ ಎಂಬ ಬುದ್ಧಿಮಾತು.

ಈ ಬುದ್ಧಿಮಾತು ನಮ್ಮ ದೇಶದ್ದು ಮಾತ್ರವಲ್ಲ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಆ್ಯಶ್‌ಲೆಂಡ್ ಎಂಬ ಪುಟ್ಟ ಊರಿನಲ್ಲಿ ಜೇಮಿ ನಬೋಜ್ನಿ ಎಂಬ ಹುಡುಗನನ್ನು ಸಹಪಾಠಿಗಳು ವರ್ಷಗಟ್ಟಲೆ ಹಿಂಸಿಸಿದರು. ಶೌಚಾಲಯದಲ್ಲಿ ಕೆಡವಿ ಮೈಮೇಲೆ ಮೂತ್ರ ಮಾಡಿದರು. ಹೊಟ್ಟೆಗೆ ಒದ್ದ ರಭಸಕ್ಕೆ ಒಳಗೆ ರಕ್ತಸ್ರಾವವಾಗಿ ಕುಸಿದು ಬಿದ್ದ. ತಾಯ್ತಂದೆಯರು ದೂರು ಒಯ್ದಾಗ ಪ್ರಾಂಶುಪಾಲರು ಹೇಳಿದ್ದರ ತಾತ್ಪರ್ಯ ಇಷ್ಟು: ಹುಡುಗರೆಂದರೆ ಹೀಗೇ, ನಿಮ್ಮ ಮಗ ತನ್ನ ಸ್ವಭಾವವನ್ನು ಬಚ್ಚಿಡದಿದ್ದರೆ ಇದನ್ನೆಲ್ಲ ನಿರೀಕ್ಷಿಸಬೇಕು. ನಮ್ಮ ಸ್ಟಾಫ್ ರೂಮುಗಳಲ್ಲಿ ‘ಹುಡುಗು ಬುದ್ಧಿ, ಬಿಡಿ’ ಎಂದು ಹೇಳುವುದಕ್ಕೂ ಇದಕ್ಕೂ ಹೆಚ್ಚು ದೂರವಿಲ್ಲ. ಶಾಲೆ ಬಿಟ್ಟ ಆ ಹುಡುಗ ಬೆಳೆದು ನ್ಯಾಯಾಲಯಕ್ಕೆ ಹೋದ. 1996ರಲ್ಲಿ ಮೇಲ್ಮನವಿ ನ್ಯಾಯಾಲಯ ಅವನ ಪರ ತೀರ್ಪಿತ್ತು, ಇತರ ವಿದ್ಯಾರ್ಥಿಗಳಿಗೆ ಸಿಗುವ ರಕ್ಷಣೆ ಇವನಿಗೂ ಸಿಗಬೇಕಿತ್ತೆಂದಿತು. ಅದೇ ವರ್ಷ ಶಾಲೆಯ ಅಧಿಕಾರಿಗಳು ತಪ್ಪಿತಸ್ಥರೆಂದು ಜ್ಯೂರಿ ಹೇಳಿದ ಮೇಲೆ ಒಂಬತ್ತು ಲಕ್ಷ ಡಾಲರಿಗೂ ಹೆಚ್ಚಿನ ಪರಿಹಾರಕ್ಕೆ ರಾಜಿಯಾಯಿತು. ಹೊಡೆದವರು ಮಕ್ಕಳೇ ಆದರೂ, ನೋಡಿಯೂ ಸುಮ್ಮನಿದ್ದ ದೊಡ್ಡವರು ಉತ್ತರಿಸಬೇಕಾಯಿತು.

ಹಾಗಾದರೆ ಇದನ್ನು ಶಾಲೆಯಲ್ಲಿ ಕಲಿಸಬೇಕೇ ಎಂದರೆ ಪೋಷಕರಿಂದ ಬರುವ ಮೊದಲ ಆಕ್ಷೇಪ, ಇಲ್ಲದ್ದನ್ನು ಮಕ್ಕಳ ತಲೆಗೆ ತುಂಬಿದಂತಾಗುತ್ತದೆ ಎಂಬುದು. ಭಯ ಸಹಜವೇ. ಬ್ರಿಟನ್ನಿನಲ್ಲಿ ಇದೇ ಭಯ ಕಾನೂನಾಯಿತು. ಸ್ಥಳೀಯ ಸಂಸ್ಥೆಗಳು ಸಲಿಂಗಾನುರಾಗಕ್ಕೆ ‘ಪ್ರೋತ್ಸಾಹ’ ಕೊಡಬಾರದೆಂದು 1988ರಲ್ಲಿ ಬಂದ 28ನೇ ಕಲಮು ಸ್ಕಾಟ್ಲೆಂಡಿನಲ್ಲಿ 2000ದವರೆಗೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2003ರವರೆಗೆ ಉಳಿಯಿತು. ಅದರಡಿ ಒಬ್ಬರ ಮೇಲೂ ಮೊಕದ್ದಮೆ ನಡೆಯಲಿಲ್ಲ. ನಡೆದದ್ದೇನೆಂದರೆ, ಎಲ್ಲಿ ಕಾನೂನು ಮುರಿದಂತಾಗುವುದೋ ಎಂದು ಉಪಾಧ್ಯಾಯರು ಬಾಯಿ ಮುಚ್ಚಿಕೊಂಡರು. ಗೇಲಿ ಮಾಡುವವನನ್ನು ಗದರಲೂ ಹಿಂಜರಿದರು. ಮೌನದಿಂದ ಯಾವ ಮಗುವಿನ ಸ್ವಭಾವವೂ ಬದಲಾಗಲಿಲ್ಲ. ಸಲಿಂಗಾನುರಾಗವನ್ನು ರೋಗಗಳ ಪಟ್ಟಿಯಿಂದ ವಿಶ್ವ ಆರೋಗ್ಯ ಸಂಸ್ಥೆ ತೆಗೆದುಹಾಕಿದ್ದು 1990ರಲ್ಲಿ. ಅದನ್ನು ‘ಸರಿಪಡಿಸುತ್ತೇವೆ’ ಎಂದು ಚಿಕಿತ್ಸೆ ಕೊಡುವುದು ವೃತ್ತಿ ದುರಾಚಾರವೆಂದು ಭಾರತದ ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಸಾರಿತು.

ಆದರೂ ನಮ್ಮಲ್ಲಿ ಹೆಜ್ಜೆ ಮುಂದಿಟ್ಟು ಹಿಂದೆಗೆಯುವುದೇ ರೂಢಿಯಾಗಿದೆ. ಹದಿಹರೆಯದ ಶಿಕ್ಷಣವೆಂಬ ಕಾರ್ಯಕ್ರಮಕ್ಕೆ 2007ರಲ್ಲಿ ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳು ಬಾಗಿಲು ಹಾಕಿದವು. 2014ರಲ್ಲಿ ಸುಪ್ರೀಂ ಕೋರ್ಟ್ ತೃತೀಯ ಲಿಂಗಿಗಳ ಗುರುತನ್ನು ಮಾನ್ಯ ಮಾಡಿತು. 2018ರ ಸೆಪ್ಟೆಂಬರ್ 6ರಂದು, ವಯಸ್ಕರ ಪರಸ್ಪರ ಒಪ್ಪಿಗೆಯ ಸಂಬಂಧವನ್ನು 377ನೇ ಕಲಮಿನಿಂದ ಹೊರಗಿಟ್ಟಿತು. 2019ರ ಕಾಯಿದೆ ಶಿಕ್ಷಣ ಸಂಸ್ಥೆಗಳಲ್ಲಿ ಭೇದವೆಣಿಸಬಾರದೆಂದು ವಿಧಿಸಿತು. ಇವನ್ನೆಲ್ಲ ಶಾಲೆಗೆ ಇಳಿಸಲು 2021ರಲ್ಲಿ ಎನ್‌ಸಿಇಆರ್‌ಟಿ ಶಿಕ್ಷಕರಿಗಾಗಿ ಕೈಪಿಡಿಯೊಂದನ್ನು ಸಿದ್ಧಪಡಿಸಿತು. ಗಂಡು ಹೆಣ್ಣೆಂಬ ಭೇದವಿಲ್ಲದ ಶೌಚಾಲಯ, ಸಮವಸ್ತ್ರದಲ್ಲಿ ಆಯ್ಕೆ, ಪ್ರತಿಯೊಂದಕ್ಕೂ ಮಕ್ಕಳನ್ನು ಹುಡುಗರ ಸಾಲು ಹುಡುಗಿಯರ ಸಾಲು ಎಂದು ಒಡೆಯದಿರುವುದು, ಇಂಥ ಸಲಹೆಗಳು ಅದರಲ್ಲಿದ್ದವು. ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗ ಆಕ್ಷೇಪ ಎತ್ತಿದ್ದೇ ತಡ, ಕೆಲವೇ ದಿನಗಳಲ್ಲಿ ಅದು ಅಂತರ್ಜಾಲ ತಾಣದಿಂದ ಮಾಯವಾಯಿತು.

ಅದೇ 2021ರಲ್ಲಿ ಮದ್ರಾಸ್ ಹೈಕೋರ್ಟಿನಲ್ಲಿ ಬೇರೆಯೇ ಬಗೆಯ ಪಾಠವೊಂದು ನಡೆಯಿತು. ಮಧುರೆಯಿಂದ ಓಡಿಬಂದ ಇಬ್ಬರು ಯುವತಿಯರು ತಂದೆತಾಯಿಯರಿಂದ ರಕ್ಷಣೆ ಕೋರಿದ್ದರು. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್, ಈ ವಿಷಯ ತಮಗೆ ಸರಿಯಾಗಿ ತಿಳಿಯದೆಂದು ಆದೇಶದಲ್ಲೇ ಬರೆದು, ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಕುಳಿತು ಪಾಠ ಹೇಳಿಸಿಕೊಂಡು, ಆಮೇಲೆ ತೀರ್ಪು ಬರೆದರು. ಹೈಕೋರ್ಟ್ ನ್ಯಾಯಾಧೀಶರಿಗೆ ಇಲ್ಲದ ಸಂಕೋಚ ಹೈಸ್ಕೂಲ್ ಉಪಾಧ್ಯಾಯರಿಗೆ ಏಕೆ?

ಕಲಿಸಲು ಸಾಮಗ್ರಿಗೂ ಕನ್ನಡದಲ್ಲಿ ಬರವಿಲ್ಲ. ದೇಹದ ಗುರುತು ನೋಡಿ ಜನ ಹೆಣ್ಣು ಗಂಡು ಎನ್ನುತ್ತಾರೆ, ಒಳಗೆ ಸುಳಿವ ಆತ್ಮ ಎರಡೂ ಅಲ್ಲ ಎಂಬ ಅರ್ಥದ ದೇವರ ದಾಸಿಮಯ್ಯನ ವಚನವಿದೆ. ಆ ವಚನದ ನೆರಳು ಬಿದ್ದ ಹೆಸರನ್ನೇ ತನ್ನ ಆತ್ಮಕಥೆಗೆ ಇಟ್ಟುಕೊಂಡವರು ಮಂಜಮ್ಮ ಜೋಗತಿ. ಗಂಡುಹುಡುಗನಾಗಿ ಹುಟ್ಟಿ, ಮನೆಯವರ ಹೊಡೆತ ತಿಂದು, ವಿಷ ಕುಡಿದು ಬದುಕುಳಿದು, ಭಿಕ್ಷೆ ಬೇಡಿ, ಜೋಗತಿ ನೃತ್ಯ ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾಗಿ, 2021ರಲ್ಲಿ ಪದ್ಮಶ್ರೀ ಪಡೆದರು. ಸಂಚಾರಿ ವಿಜಯ್‌ಗೆ ರಾಷ್ಟ್ರಪ್ರಶಸ್ತಿ ತಂದ, ಬಿ.ಎಸ್. ಲಿಂಗದೇವರು ನಿರ್ದೇಶನದ ‘ನಾನು ಅವನಲ್ಲ... ಅವಳು’ ಚಿತ್ರವೂ ಇದೆ. ಆದರೆ ಇಲ್ಲೊಂದು ಎಚ್ಚರ ಬೇಕು. ‘ನಮ್ಮ ಸಂಸ್ಕೃತಿಯಲ್ಲಿ ಇವರಿಗೆ ಮೊದಲಿಂದಲೂ ಗೌರವವಿತ್ತು’ ಎಂದು ಬೀಗುವುದು ಅರ್ಧಸತ್ಯ. ಎಲ್ಲಮ್ಮನ ಜಗ ಹೊತ್ತು ಬಂದ ಜೋಗತಿಗೆ ಮಂಗಳವಾರ ಶುಕ್ರವಾರ ಕೈಮುಗಿಯುವ ಬೀದಿ, ಅವಳಿಗೆ ಬಾಡಿಗೆ ಮನೆ ಕೊಡುವುದಿಲ್ಲ.

ತರಗತಿಯಲ್ಲಿ ಬೇಕಾದದ್ದು ದೊಡ್ಡ ಭಾಷಣವೂ ಅಲ್ಲ. ‘ಒಂಬತ್ತು’ ಎಂದು ಯಾರಾದರೂ ಕೂಗಿದಾಗ ಜಾತಿ ಹಿಡಿದು ಬೈದವನನ್ನು ತಡೆಯುವಷ್ಟೇ ಗಟ್ಟಿಯಾಗಿ ತಡೆಯುವುದು. ಆ ಮಾತು ಏಕೆ ಸಲ್ಲದೆಂದು ನಲವತ್ತು ಮಕ್ಕಳಿಗೂ ಹೇಳುವುದು. ಈ ಪಾಠ ಆ ನಲವತ್ತು ಮಂದಿಗೆ, ಗೇಲಿಗೆ ಗುರಿಯಾದ ಒಬ್ಬನಿಗಲ್ಲ. ಅವನನ್ನು ಉದಾಹರಣೆಗೆಂದು ಎದ್ದು ನಿಲ್ಲಿಸಿದರೆ ಇನ್ನೊಂದು ಶಿಕ್ಷೆಯಾದೀತು. ಮಗು ನಂಬಿ ಹೇಳಿಕೊಂಡದ್ದನ್ನು ಅದರ ಒಪ್ಪಿಗೆಯಿಲ್ಲದೆ ಮನೆಗೆ ಮುಟ್ಟಿಸಲೂ ಬಾರದು. ಮನೆಯೇ ಹೊಡೆಯುವ ಜಾಗವಾಗಿರಬಹುದು. ಹೇಗೆ ಕರೆಯಬೇಕೆಂಬ ಗೊಂದಲಕ್ಕೆ ಭಾಷೆಯೇ ದಾರಿ ಮಾಡಿದೆ: ‘ಅವನು’, ‘ಅವಳು’ ಎರಡಕ್ಕೂ ಬದಲಾಗಿ ‘ಅವರು’ ಎಂದರೆ ಕನ್ನಡದಲ್ಲಿ ಅದು ಗೌರವದ ಮಾತು, ಮತ್ತು ಅದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಉಳಿದದ್ದು ಶೌಚಾಲಯದ ಪ್ರಶ್ನೆ. ಹುಡುಗರ ಕಡೆ ಹೋದರೆ ಏಟು, ಹುಡುಗಿಯರ ಕಡೆ ಹೋದರೆ ಕೂಗಾಟ ಎಂದು ಬೆಳಿಗ್ಗೆಯಿಂದ ಸಂಜೆಯವರೆಗೆ ನೀರು ಕುಡಿಯದೆ ಕುಳಿತಿರುವ ಮಗುವಿಗೆ ಸರ್ಕಾರದ ಸುತ್ತೋಲೆ ಬರುವವರೆಗೂ ಕಾಯಲಾಗದು. ಶಿಕ್ಷಕರ ಶೌಚಾಲಯದ ಬೀಗದ ಕೈ ಪ್ರತಿ ಶಾಲೆಯ ಮುಖ್ಯೋಪಾಧ್ಯಾಯರ ಮೇಜಿನ ಡ್ರಾಯರಿನಲ್ಲೇ ಇರುತ್ತದೆ.